64 ಮತ್ತು 2,975ರ ನಡುವೆ: ಮರಿಯಾ ಚಂಡಮಾರುತ ಪೋರ್ಟೊ ರಿಕೊದಲ್ಲಿ ಮಾಡಿದ್ದೇನು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಆಯ್ದ ಭಾಗವನ್ನಷ್ಟೇ ಉಳಿಸಿಕೊಳ್ಳಲಾಗಿದೆ.)

ಎರಡು ಸಂಖ್ಯೆಗಳಿಂದ ಶುರು ಮಾಡೋಣ. 64 ಮತ್ತು 2,975. ಎರಡೂ ಒಂದೇ ಚಂಡಮಾರುತಕ್ಕೆ, ಒಂದೇ ದ್ವೀಪದಲ್ಲಿ ಸತ್ತವರ ಲೆಕ್ಕ. ಎರಡನ್ನೂ ಹೇಳಿದ್ದು ಅದೇ ಸರ್ಕಾರ. 2017ರ ಡಿಸೆಂಬರಿನಲ್ಲಿ ಪೋರ್ಟೊ ರಿಕೊ ಸರ್ಕಾರದ ಅಧಿಕೃತ ಸಂಖ್ಯೆ 64 ಇತ್ತು. 2018ರ ಆಗಸ್ಟ್ 28ರಂದು ಗವರ್ನರ್ ರಿಕಾರ್ಡೊ ರೊಸೆಲ್ಯೊ ಅದನ್ನು 2,975ಕ್ಕೆ ಏರಿಸಿದರು. ಒಂದಕ್ಕೆ ನಲವತ್ತಾರು ಪಟ್ಟು. ಇಷ್ಟು ಅಂತರ ಕೂಡುವ ತಪ್ಪಿನಿಂದ ಬರುವುದಿಲ್ಲ. ಯಾವ ಸಾವನ್ನು ಗಾಳಿಯ ಖಾತೆಗೆ ಬರೆಯಬೇಕು, ಯಾವುದನ್ನು ಬರೆಯಬಾರದು ಅನ್ನುವುದರಲ್ಲೇ ಅದು ಅಡಗಿದೆ. ಇವತ್ತಿನ ಮಾತೆಲ್ಲ ಆ ಅಂತರದ ಬಗ್ಗೆ. ನನ್ನ ಮಟ್ಟಿಗೆ ಅದಕ್ಕೆ ಉತ್ತರ ಸಿಗುವುದು ಆಕಾಶ ನೋಡಿದರೆ ಅಲ್ಲ, ವಿದ್ಯುತ್ ಕಂಬ ನೋಡಿದರೆ.

ಮೊದಲು ಜಾಗದ ಅಂದಾಜು ಇರಲಿ. ಪೋರ್ಟೊ ರಿಕೊ ಕೆರಿಬಿಯನ್ ಕಡಲಿನ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 180 ಕಿ.ಮೀ., ಉತ್ತರದಿಂದ ದಕ್ಷಿಣಕ್ಕೆ 65 ಕಿ.ಮೀ. ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಜನ ಮಾತ್ರ ಅದರ ಎರಡು ಪಟ್ಟಿಗೂ ಹೆಚ್ಚು: 2017ರಲ್ಲಿ ಸುಮಾರು 33 ಲಕ್ಷ. ನಡುವೆ ಉದ್ದಕ್ಕೂ ಬೆಟ್ಟದ ಸಾಲು, ಅತಿ ಎತ್ತರದ ಶಿಖರ 1,338 ಮೀಟರ್. 1898ರಿಂದ ಅಮೆರಿಕದ ವಶದಲ್ಲಿದೆ, ಅಲ್ಲಿಯ ಜನ 1917ರಿಂದ ಅಮೆರಿಕದ ಪ್ರಜೆಗಳು. ಆದರೆ ದ್ವೀಪದಲ್ಲಿ ಇದ್ದುಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಈ ವಿಷಯ ನೆನಪಿರಲಿ, ಮುಂದೆ ನೆರವು ಯಾಕೆ ತಡವಾಯಿತು ಅನ್ನುವ ಮಾತು ಬಂದಾಗ ಅದು ತಾನಾಗಿ ಎದುರು ನಿಲ್ಲುತ್ತದೆ. ಅಂದ ಹಾಗೆ ‘ಹರಿಕೇನ್’ ಅನ್ನುವ ಪದವೂ ಆ ಕಡೆಯದೇ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿ ತಾಯಿನೊ ಜನರ ಮಾತಿನಿಂದ ಸ್ಪ್ಯಾನಿಷ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ನಾವು ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಅನ್ನುವುದೂ ಅವರು ಹರಿಕೇನ್ ಅನ್ನುವುದೂ ಒಂದೇ ಯಂತ್ರ.

ಗಾಳಿ ಬಂದ ಬಗೆ

2017ರ ಸೆಪ್ಟೆಂಬರ್ ತಿಂಗಳೇ ಕೆಟ್ಟದ್ದು. ಆಗಸ್ಟ್ 25ಕ್ಕೆ ಹಾರ್ವಿ ಟೆಕ್ಸಾಸನ್ನು ಮುಳುಗಿಸಿತ್ತು. ಸೆಪ್ಟೆಂಬರ್ 6ಕ್ಕೆ ಇರ್ಮಾ ಗಂಟೆಗೆ 285 ಕಿ.ಮೀ. ವೇಗದಲ್ಲಿ ಬಾರ್ಬುಡಾ ಎಂಬ ಪುಟ್ಟ ದ್ವೀಪದ ಮೇಲೆ ಹಾದುಹೋಯಿತು. ಅಲ್ಲಿದ್ದವರು ಸುಮಾರು 1,800 ಜನ. ಹಿಂದೆಯೇ ಹೊಸೆ ಎಂಬ ಇನ್ನೊಂದು ಚಂಡಮಾರುತ ಬರುತ್ತಿದ್ದುದರಿಂದ ಅಷ್ಟೂ ಜನರನ್ನು ಆಂಟಿಗುವಾಕ್ಕೆ ಸಾಗಿಸಿ ದ್ವೀಪವನ್ನೇ ಖಾಲಿ ಮಾಡಿದರು. ಅದೇ ಇರ್ಮಾ ಪೋರ್ಟೊ ರಿಕೊದ ಉತ್ತರಕ್ಕೆ, ಕಡಲಿನಲ್ಲೇ ಸಾಗಿಹೋಯಿತು. ನೆಲ ಮುಟ್ಟಲೇ ಇಲ್ಲ. ಆದರೂ ದ್ವೀಪದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಯಿತು. ಎರಡು ವಾರಗಳ ನಂತರ ಮರಿಯಾ ಬರುವ ಹೊತ್ತಿಗೂ ಹತ್ತಾರು ಸಾವಿರ ಮನೆಗಳಿಗೆ ಅದು ಮರಳಿರಲಿಲ್ಲ. ಎಚ್ಚರಿಕೆ ಅಂದರೆ ಇದೇ, ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು.

ಮರಿಯಾ ಸೆಪ್ಟೆಂಬರ್ 16ರಂದು ಹುಟ್ಟಿತು. ಎರಡು ದಿನ ಕಳೆದು ಸ್ವಲ್ಪ ಹೊತ್ತಿಗೆಲ್ಲ, ಅಂದರೆ 18ರ ಸಂಜೆಗೆ, ಅದು 5ನೇ ದರ್ಜೆ. ಗಾಳಿಯ ವೇಗ ಗಂಟೆಗೆ 252 ಕಿ.ಮೀ. ತಲುಪಿದರೆ 5ನೇ ದರ್ಜೆ ಅನ್ನುತ್ತಾರೆ, ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಬೆಚ್ಚನೆಯ ನೀರು, ಮೇಲೆ ಅಡ್ಡಗಾಳಿ ಇಲ್ಲದ ವಾತಾವರಣ ಎರಡೂ ಸಿಕ್ಕಿದರೆ ಹೀಗೆ ಬಲಿಯುತ್ತದೆ. ಇದರ ತೊಂದರೆ ಏನೆಂದರೆ, ಬೆಳಿಗ್ಗೆ ‘ಸಾಧಾರಣ ಚಂಡಮಾರುತ’ ಎಂದು ಕೇಳಿ ಮಲಗುವ ಕೋಣೆಯ ಕಿಟಕಿಗೆ ಹಲಗೆ ಹೊಡೆದವನು ರಾತ್ರಿ ಬೇರೆಯೇ ಪ್ರಾಣಿಯನ್ನು ಎದುರಿಸಬೇಕಾಗುತ್ತದೆ. 18ರ ರಾತ್ರಿ ಅದು ಡೊಮಿನಿಕಾ ದ್ವೀಪವನ್ನು ಹೊಕ್ಕಾಗ ವೇಗ ಗಂಟೆಗೆ 265 ಕಿ.ಮೀ. ಆ ದೇಶದ ಪ್ರಧಾನಿ ರೂಸ್‌ವೆಲ್ಟ್ ಸ್ಕೆರಿಟ್ ತಮ್ಮ ಮನೆಯ ಮಾಡು ಹಾರಿಹೋಯಿತು, ತಾವು ಚಂಡಮಾರುತದ ಕೈಯಲ್ಲಿದ್ದೇವೆ ಎಂದು ಫೇಸ್‌ಬುಕ್‌ನಲ್ಲಿ ಬರೆದರು. ಸ್ವಲ್ಪ ಹೊತ್ತಿಗೆ ಅವರನ್ನು ಪಾರುಮಾಡಿದರು. ಪ್ರಧಾನಿಯ ಮಾಡೇ ನಿಲ್ಲದ ಊರಿನಲ್ಲಿ ಉಳಿದವರ ಗತಿ ಊಹಿಸಿ. ಸುಮಾರು 70 ಸಾವಿರ ಜನರ ಆ ದೇಶಕ್ಕೆ ಆದ ನಷ್ಟ ಅದರ ವಾರ್ಷಿಕ ಒಟ್ಟು ಉತ್ಪನ್ನದ ಶೇ. 226. ದೊಡ್ಡ ದೇಶಕ್ಕೆ ಒಂದು ರಾಜ್ಯದಲ್ಲಿ ಅನಾಹುತವಾದರೆ ಇನ್ನೊಂದು ರಾಜ್ಯ ಉಳಿದಿರುತ್ತದೆ. ದ್ವೀಪ ರಾಷ್ಟ್ರಕ್ಕೆ ಆ ‘ಇನ್ನೊಂದು’ ಇಲ್ಲ.

20ರ ಬೆಳಿಗ್ಗೆ ಆರೂಕಾಲಕ್ಕೆ ಪೋರ್ಟೊ ರಿಕೊದ ಆಗ್ನೇಯ ತುದಿಯ ಯಾಬುಕೋವಾದಲ್ಲಿ ಮರಿಯಾ ನೆಲ ಮುಟ್ಟಿತು. ಅಷ್ಟರಲ್ಲಿ ಅದರ ಕಣ್ಣಿನ, ಅಂದರೆ ನಡುವಿನ ಶಾಂತ ಜಾಗದ, ಸುತ್ತಲ ಬಿರುಗಾಳಿಯ ಗೋಡೆ ಒಡೆದು ಹೊರಗೆ ಹೊಸ ಗೋಡೆ ಕಟ್ಟಿಕೊಂಡಿತ್ತು. ಹಾಗಾದಾಗ ವೇಗ ಕೊಂಚ ಇಳಿಯುತ್ತದೆ, ಹರವು ಹೆಚ್ಚುತ್ತದೆ. 250 ಕಿ.ಮೀ. ವೇಗ, ಲೆಕ್ಕಕ್ಕೆ 4ನೇ ದರ್ಜೆ. ಸುದ್ದಿಯಲ್ಲಿ ‘ಇಳಿದಿದೆ’ ಎಂದು ಕೇಳಿದವರಿಗೆ ಸಮಾಧಾನ ಆಗಿರಬಹುದು. ವಾಸ್ತವದಲ್ಲಿ ಹೆಚ್ಚು ಊರುಗಳು ಅದರ ಬಾಯಿಗೆ ಬಂದಿದ್ದವು. ದ್ವೀಪವನ್ನು ಓರೆಯಾಗಿ ಸೀಳಿಕೊಂಡು ಮಧ್ಯಾಹ್ನದ ಹೊತ್ತಿಗೆ ಉತ್ತರದ ಕಡಲಿಗೆ ಇಳಿಯಿತು. ಇಡೀ ದ್ವೀಪಕ್ಕಿದ್ದ ಹವಾಮಾನ ರೇಡಾರ್ ಕಾಯೇ ಊರಿನ ಬೆಟ್ಟದ ಮೇಲಿತ್ತು. ಅದರ ಗುಮ್ಮಟ, ಆಂಟೆನಾ ಎರಡನ್ನೂ ಗಾಳಿ ಒಯ್ದಿತು. ನಂತರ ಒಂಬತ್ತು ತಿಂಗಳು ಆ ರೇಡಾರ್ ಇರಲಿಲ್ಲ.

ದ್ವೀಪ ದ್ವೀಪಕ್ಕೂ ವ್ಯತ್ಯಾಸ

ಚಂಡಮಾರುತ ಅಂದರೆ ಎಲ್ಲ ಕಡೆ ಒಂದೇ ರೀತಿ ಕೊಲ್ಲುತ್ತದೆ ಅಂದುಕೊಳ್ಳಬೇಡಿ. ಮರಿಯಾದ ಕಡಲುಬ್ಬರ ಪೋರ್ಟೊ ರಿಕೊದ ಪೂರ್ವ ಅಂಚಿನಲ್ಲಿ ಸುಮಾರು ಆರರಿಂದ ಒಂಬತ್ತು ಅಡಿ. ಕಡಿಮೆಯೇನಲ್ಲ, ಆದರೆ ಅಂಥ ಗಾಳಿಗೆ ಅದು ಸಣ್ಣದು. ಕಾರಣ, ದ್ವೀಪದ ಸುತ್ತ ಕಡಲು ಬೇಗ ಆಳವಾಗುತ್ತದೆ. ಗಾಳಿ ತಳ್ಳಿದ ನೀರಿಗೆ ಕೆಳಗೆ ಜಾರಿ ಹಿಂದೆ ಹೋಗಲು ದಾರಿ ಇರುತ್ತದೆ.

ಇದಕ್ಕೆ ತದ್ವಿರುದ್ಧ ಬಹಾಮಾಸ್. 2019ರ ಸೆಪ್ಟೆಂಬರ್ 1ರಂದು ಡೋರಿಯನ್ 295 ಕಿ.ಮೀ. ವೇಗದಲ್ಲಿ ಅಬಾಕೊ ದ್ವೀಪಗಳಿಗೆ ಬಡಿದು, ಮರುದಿನ ಗ್ರ್ಯಾಂಡ್ ಬಹಾಮಾದ ಮೇಲೆ ಒಂದು ಹಗಲು ಒಂದು ರಾತ್ರಿ ಹೆಚ್ಚುಕಡಿಮೆ ನಿಂತೇಬಿಟ್ಟಿತು. ಸುತ್ತ ಇರುವುದು ಸೊಂಟದ ಮಟ್ಟದಿಂದ ಕೆಲವು ಆಳು ಆಳದ ಸುಣ್ಣಕಲ್ಲಿನ ತಟ್ಟೆ. ನೀರಿಗೆ ಹಿಂದಿರುಗಲು ಜಾಗವಿಲ್ಲ, ಅದು ಇಪ್ಪತ್ತು ಅಡಿ ದಾಟಿ ಏರಿತು. ಅಂಥ ಚಪ್ಪಟೆ ದ್ವೀಪಗಳಲ್ಲಿ ಸಿಹಿನೀರು ಅಂದರೆ ಉಪ್ಪುನೀರಿನ ಮೇಲೆ ತೇಲುವ ಮಸೂರದಂಥ ಪದರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ, ಉಪ್ಪುನೀರು ತುಸು ಭಾರವಾದ್ದರಿಂದ. ಮೇಲಿನಿಂದ ಕಡಲು ಹರಿದು ಒಳಗಿಳಿದರೆ ಆ ಪದರ ಕೆಡುತ್ತದೆ, ಮತ್ತೆ ಸಿಹಿಯಾಗಲು ವರ್ಷಗಳ ಮಳೆ ಬೇಕು. ಗ್ರ್ಯಾಂಡ್ ಬಹಾಮಾದಲ್ಲಿ ಹಾಗೇ ಆಯಿತು: ನಲ್ಲಿ ತಿರುಗಿಸಿದರೆ ಉಪ್ಪುನೀರು. ಪೈನ್ ಮರಗಳ ಕಾಡು ನಿಂತಲ್ಲೇ ಒಣಗಿತು.

ಬೆಟ್ಟದ ದ್ವೀಪದಲ್ಲಿ ಕೊಲ್ಲುವುದು ಮಳೆ. ಪೋರ್ಟೊ ರಿಕೊದ ಕಾಗುವಾಸ್‌ನಲ್ಲಿ ಮರಿಯಾ ಸುರಿಸಿದ್ದು ಸುಮಾರು 960 ಮಿ.ಮೀ.; ಬೆಂಗಳೂರಿಗೆ ಒಂದು ವರ್ಷದಲ್ಲಿ ಬರುವಷ್ಟು ಮಳೆ. ಬೆಟ್ಟಗಳಲ್ಲಿ 40 ಸಾವಿರಕ್ಕೂ ಹೆಚ್ಚು ಕಡೆ ಗುಡ್ಡ ಕುಸಿಯಿತು. 1920ರ ದಶಕದಲ್ಲಿ ಕಟ್ಟಿದ ಗ್ವಾಹಾತಾಕಾ ಅಣೆಕಟ್ಟೆಯ ಕೋಡಿ ಕೊರೆದುಹೋಗಿ ಕೆಳಗಿನ 70 ಸಾವಿರ ಜನರಿಗೆ ಊರು ಬಿಡಲು ಹೇಳಿದರು. ಉತುವಾಡೊ ಬಳಿ ಸೇತುವೆ ಕೊಚ್ಚಿಹೋದ ಮೇಲೆ ಆಚೆ ದಡದವರು ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ರಾಟೆ ಹಾಕಿ, ಅಂಗಡಿಯ ತಳ್ಳುಬುಟ್ಟಿಯೊಂದನ್ನು ತೂಗುಹಾಕಿ ಅಕ್ಕಿ, ನೀರು ಎಳೆದುಕೊಂಡರು. ತಮ್ಮ ಕೇರಿಗೆ ‘ಮರೆತವರ ಶಿಬಿರ’ ಎಂದು ಫಲಕ ಹಾಕಿಕೊಂಡರು.

ಮಾಡು ಹಾರುವ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕೋಣ, ಬೇಸರ ಮಾಡಿಕೊಳ್ಳಬೇಡಿ. ಗಾಳಿಯ ಒತ್ತಡ ವೇಗದ ವರ್ಗದ ಜೊತೆ ಏರುತ್ತದೆ. ಸೆಕೆಂಡಿಗೆ ಇಷ್ಟು ಮೀಟರ್ ಎಂದು ವೇಗ ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. 120 ಕಿ.ಮೀ. ಗಾಳಿಗೆ ಇದು ಚದರ ಮೀಟರಿಗೆ ಸುಮಾರು 70 ಕಿಲೊ ಭಾರ. 250 ಕಿ.ಮೀ. ಗಾಳಿಗೆ ಸುಮಾರು 300 ಕಿಲೊ. ವೇಗ ಎರಡರಷ್ಟಾಯಿತು, ಹೊಡೆತ ನಾಲ್ಕರಷ್ಟಾಯಿತು. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಗಾಳಿ ಸುಳಿಯುವುದರಿಂದ ಮೇಲಕ್ಕೆ ಎಳೆಯುವ ಬಲ ಇದರ ಎರಡು ಪಟ್ಟೂ ಆಗಬಹುದು. ಈಗ ತಗಡಿನ ತೂಕ ನೋಡಿ: ಚದರ ಮೀಟರಿಗೆ ನಾಲ್ಕೈದು ಕಿಲೊ! ಅಂದಮೇಲೆ ಮಾಡನ್ನು ಹಿಡಿದಿಡುವುದು ಅದರ ಭಾರ ಅಲ್ಲ, ಕೀಲುಗಳು. ತಗಡಿನಿಂದ ರೀಪಿಗೆ, ರೀಪಿನಿಂದ ಪಕಾಸಿಗೆ, ಪಕಾಸಿನಿಂದ ಗೋಡೆಯ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ತಳಪಾಯಕ್ಕೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಅಲ್ಲೇ ಕಿತ್ತುಬರುತ್ತದೆ.

ಕೆರಿಬಿಯನ್‌ನ ಬಡಗಿಗಳಿಗೆ ಇದು ಗೊತ್ತು. ಮೊಳೆಯ ಬದಲು ತಿರುಪು. ಅಂಚಿನ ಸಾಲುಗಳಲ್ಲಿ ತಿರುಪುಗಳು ಒತ್ತೊತ್ತಾಗಿ. ಪಕಾಸು ತೊಲೆ ಸೇರುವ ಪ್ರತಿ ಕಡೆ ಬಾಗಿಸಿದ ಲೋಹದ ಪಟ್ಟಿ. ಎರಡು ಮಗ್ಗುಲಿಗೆ ಇಳಿಯುವ ಮಾಡಿಗಿಂತ ನಾಲ್ಕು ಮಗ್ಗುಲಿಗೂ ಇಳಿಯುವ ಮಾಡು ವಾಸಿ, ಯಾಕೆಂದರೆ ಗಾಳಿಗೆ ಚಪ್ಪಟೆಯಾಗಿ ಎದೆಯೊಡ್ಡುವ ತ್ರಿಕೋನದ ಗೋಡೆ ಅದರಲ್ಲಿಲ್ಲ. ಸೂರು ಒಂದೂವರೆ ಅಡಿಗಿಂತ ಹೊರಗೆ ಚಾಚಬಾರದು. ಜಗುಲಿಯ ಮಾಡು ಮನೆಯ ಮಾಡಿಗೆ ಅಂಟಿಕೊಂಡಿರಬಾರದು. ಹಾರಿದರೆ ಅದೊಂದೇ ಹಾರಲಿ. ನಮ್ಮ ಕರಾವಳಿ ಮಲೆನಾಡಿನ ಮೂರು ಮೂರೂವರೆ ಅಡಿ ಸೂರು ಆಷಾಢದ ಮಳೆಗೆ ಹೇಳಿಮಾಡಿಸಿದ್ದು, ಗೋಡೆ ನೆನೆಯದಂತೆ ಕಾಯುತ್ತದೆ. ಆದರೆ 250 ಕಿ.ಮೀ. ಗಾಳಿಗೆ ಅದು ಎತ್ತಿ ಹಿಡಿಯಲು ಕೊಟ್ಟ ಹಿಡಿಕೆ.

ಪೋರ್ಟೊ ರಿಕೊದಲ್ಲಿ ಕಾಂಕ್ರೀಟ್ ತಾರಸಿಯ ಮನೆಗಳು ಬಹುಮಟ್ಟಿಗೆ ನಿಂತವು. ಹಾರಿದ್ದು ಮರದ ಮನೆಗಳ ಮಾಡು, ಮತ್ತೆ ಕಾಂಕ್ರೀಟ್ ಮನೆಯ ಮೇಲೆ ಮಗನ ಸಂಸಾರಕ್ಕೆಂದು ಎಬ್ಬಿಸಿದ ಮರ ಮತ್ತು ತಗಡಿನ ಮಹಡಿ. ಸೇನೆಯ ಎಂಜಿನಿಯರುಗಳು ಸುಮಾರು 60 ಸಾವಿರ ಮನೆಗಳಿಗೆ ನೀಲಿ ಟಾರ್ಪಾಲು ಹೊದಿಸಿದರು. ಅದು ತಾತ್ಕಾಲಿಕ ಹೊದಿಕೆ, ತಿಂಗಳೊಪ್ಪತ್ತಿಗೆ ಮಾಡಿದ್ದು. ವರ್ಷಗಳ ಮೇಲೂ ವಿಮಾನದಿಂದ ನೋಡಿದವರಿಗೆ ಆ ನೀಲಿ ಚುಕ್ಕೆಗಳು ಕಾಣುತ್ತಿದ್ದವು. ಒಂದು ಕಾರಣ: ಅಜ್ಜನ ಕಾಲದಿಂದ ಇದ್ದ ಜಾಗ, ಕಾಗದಪತ್ರ ಯಾರ ಹೆಸರಿಗೂ ಸರಿಯಾಗಿಲ್ಲ. ಹಕ್ಕುಪತ್ರ ಇಲ್ಲದೆ ಪರಿಹಾರದ ಅರ್ಜಿ ತಿರಸ್ಕೃತ. ಆಸ್ತಿ ಭಾಗವಾಗದೆ ಉಳಿದ ಮನೆಗಳು ನಮ್ಮಲ್ಲೂ ಸಾಕಷ್ಟಿವೆ, ಇದನ್ನು ವಿವರಿಸಬೇಕಿಲ್ಲ.

ತಂತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೋರ್ಟೊ ರಿಕೊದಲ್ಲಿ ಕರೆಂಟಿಗೆ ‘ಲುಸ್’ ಅನ್ನುತ್ತಾರೆ, ಅಂದರೆ ಬೆಳಕು. ‘ಸೆ ಫುಯೆ ಲಾ ಲುಸ್’, ನಮ್ಮ ‘ಕರೆಂಟ್ ಹೋಯ್ತು’ ಇದ್ದ ಹಾಗೆಯೇ, ದಿನವೂ ಬಾಯಲ್ಲಿ ಬರುವ ಮಾತು. ಸೆಪ್ಟೆಂಬರ್ 20ರಂದು ಇಡೀ ದ್ವೀಪಕ್ಕೆ ಒಂದೇ ಸಲ ಬೆಳಕು ಹೋಯಿತು. ಕೊನೆಯ ಮನೆಗೆ ಮರಳಿದ್ದು 2018ರ ಆಗಸ್ಟಿನಲ್ಲಿ. ಹನ್ನೊಂದು ತಿಂಗಳು!

ಯಾಕೆ ಇಷ್ಟು? ನಕ್ಷೆ ನೋಡಿ. ದೊಡ್ಡ ವಿದ್ಯುತ್ ಸ್ಥಾವರಗಳು ದಕ್ಷಿಣ ಕರಾವಳಿಯಲ್ಲಿವೆ. ಸಾನ್ ಹುವಾನ್ ನಗರ, ಕಾರ್ಖಾನೆಗಳು, ಹೆಚ್ಚಿನ ಜನ ಇರುವುದು ಉತ್ತರದಲ್ಲಿ. ನಡುವೆ ಬೆಟ್ಟ. ದಕ್ಷಿಣದ ವಿದ್ಯುತ್ತನ್ನು 230 ಕಿಲೊವೋಲ್ಟಿನ ಮಾರ್ಗಗಳು ಆ ಬೆಟ್ಟ ಹತ್ತಿಸಿ ಇಳಿಸುತ್ತವೆ. ಮರಿಯಾ ಸ್ಥಾವರಗಳಿಗೆ ಮಾಡಿದ ಹಾನಿ ಹೆಚ್ಚಿನದಲ್ಲ. ಬೆಟ್ಟದ ಮೇಲಿನ ಗೋಪುರಗಳನ್ನು ಮಡಚಿ ಹಾಕಿತು. ಸುಮಾರು 3,900 ಕಿ.ಮೀ. ಪ್ರಸರಣ ಮಾರ್ಗ, 48 ಸಾವಿರ ಕಿ.ಮೀ. ವಿತರಣಾ ಮಾರ್ಗ, ಮುನ್ನೂರಕ್ಕೂ ಹೆಚ್ಚು ಸಬ್‌ಸ್ಟೇಷನ್ನುಗಳ ಜಾಲದಲ್ಲಿ ಬಹುಭಾಗ ನೆಲ ಕಚ್ಚಿತು. ಗುಡ್ಡ ಕುಸಿದ ಕಡೆ ಲಾರಿ ಹೋಗದು. ಗೋಪುರದ ತುಂಡುಗಳನ್ನು ಹೆಲಿಕಾಪ್ಟರಿನಲ್ಲಿ ಒಯ್ಯಬೇಕು, ತಂತಿಯನ್ನೂ ಅದರಿಂದಲೇ ಎಳೆಯಬೇಕು.

ವಿತರಣಾ ಜಾಲದ ಕಥೆ ಇನ್ನೂ ಹಳೆಯದು. ವಿದ್ಯುತ್ ಮಂಡಳಿಗೆ ಸುಮಾರು 900 ಕೋಟಿ ಡಾಲರ್ ಸಾಲವಿತ್ತು. ಮರಿಯಾ ಬರುವ ಎರಡು ತಿಂಗಳ ಹಿಂದಷ್ಟೇ, 2017ರ ಜುಲೈನಲ್ಲಿ, ದಿವಾಳಿ ಅರ್ಜಿ ಹಾಕಿತ್ತು. ಹಣವಿಲ್ಲದಾಗ ಮೊದಲು ನಿಲ್ಲುವುದು ಯಾರ ಕಣ್ಣಿಗೂ ಕಾಣದ ಕೆಲಸ: ತಂತಿಯ ಬಳಿಯ ಕೊಂಬೆ ಕಡಿಯುವುದು, ಕಂಬದ ಬುಡ ಪರೀಕ್ಷಿಸುವುದು, ಬಿಡಿಭಾಗಗಳನ್ನು ದಾಸ್ತಾನು ಇಡುವುದು. ನುರಿತ ಲೈನ್‌ಮನ್‌ಗಳು ಅಮೆರಿಕದ ಕಡೆಗೆ ಕೆಲಸ ಹುಡುಕಿಕೊಂಡು ಹೋಗಿಯಾಗಿತ್ತು.

ಅಮೆರಿಕದಲ್ಲಿ ಒಂದು ರಾಜ್ಯಕ್ಕೆ ಚಂಡಮಾರುತ ಬಡಿದರೆ ಬೇರೆ ರಾಜ್ಯಗಳ ವಿದ್ಯುತ್ ಕಂಪನಿಗಳು ತಂಡ, ಲಾರಿ ಕಳಿಸುವ ಪರಸ್ಪರ ನೆರವಿನ ಕಟ್ಟುಪಾಡಿದೆ. ಫ್ಲಾರಿಡಾದಲ್ಲಿ ಇರ್ಮಾ ಬಂದಾಗ ಆ ಲಾರಿಗಳು ಮೊದಲೇ ಗಡಿಯಲ್ಲಿ ಸಾಲುಗಟ್ಟಿದ್ದವು. ದ್ವೀಪಕ್ಕೆ ಲಾರಿ ಓಡಿಸಿಕೊಂಡು ಬರಲಾಗುವುದಿಲ್ಲ, ಹಡಗಿಗೆ ಹತ್ತಿಸಬೇಕು. ಮಂಡಳಿ ಆ ನೆರವನ್ನು ಕೇಳದೆ ಇಬ್ಬರೇ ಪೂರ್ಣಾವಧಿ ನೌಕರರಿದ್ದ ಮೊಂಟಾನಾದ ಪುಟ್ಟ ಕಂಪನಿಯೊಂದಕ್ಕೆ 30 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಿತು. ಗದ್ದಲವಾಗಿ ಅಕ್ಟೋಬರ್ ಕೊನೆಗೆ ಅದನ್ನು ರದ್ದು ಮಾಡಿ, ಆಮೇಲೆ ನ್ಯೂಯಾರ್ಕ್, ಫ್ಲಾರಿಡಾಗಳ ಸಹಾಯ ಕೇಳಿತು. ಆರು ವಾರ ಹೋಗಿತ್ತು. ಹಾರ್ವಿ ಮತ್ತು ಇರ್ಮಾ ಆಗಲೇ ಮಾರುಕಟ್ಟೆಯ ಕಂಬ, ಟ್ರಾನ್ಸ್‌ಫಾರ್ಮರುಗಳನ್ನು ಖಾಲಿ ಮಾಡಿದ್ದವು.

ಕಂಬ ನಿಲ್ಲಿಸಿ ತಂತಿ ಕಟ್ಟಿದ ತಕ್ಷಣ ಕರೆಂಟ್ ಬಂತು ಅಂದುಕೊಳ್ಳಬೇಡಿ. ಸತ್ತ ಜಾಲವನ್ನು ಎಬ್ಬಿಸುವುದು ನಾಜೂಕಿನ ಕೆಲಸ. ದೊಡ್ಡ ಸ್ಥಾವರ ಶುರುವಾಗಲು ಅದರ ಪಂಪು, ಫ್ಯಾನುಗಳಿಗೇ ಮೊದಲು ವಿದ್ಯುತ್ ಬೇಕು. ಆದ್ದರಿಂದ ಸಣ್ಣ ಟರ್ಬೈನೊಂದನ್ನು ಡೀಸೆಲ್ ಜನರೇಟರಿನ ನೆರವಿನಿಂದ ಎಬ್ಬಿಸಿ, ಅದರಿಂದ ಒಂದು ಮಾರ್ಗಕ್ಕೆ ಜೀವ ಕೊಟ್ಟು, ಆ ಮಾರ್ಗದಿಂದ ದೊಡ್ಡ ಸ್ಥಾವರವನ್ನು ಎಬ್ಬಿಸುತ್ತಾರೆ. ನಂತರ ಬಡಾವಣೆಗಳನ್ನು ತುಣುಕು ತುಣುಕಾಗಿ ಸೇರಿಸಬೇಕು. ವಾರಗಟ್ಟಲೆ ಕತ್ತಲಲ್ಲಿದ್ದ ಬಡಾವಣೆಗೆ ಕರೆಂಟ್ ಕೊಟ್ಟರೆ ಎಲ್ಲ ಫ್ರಿಜ್ಜು, ಎಸಿ, ಪಂಪುಗಳು ಒಟ್ಟಿಗೆ ಹೊರಡುತ್ತವೆ. ಹೊರೆ ಎಂದಿನದರ ಎರಡು ಮೂರು ಪಟ್ಟಾಗುತ್ತದೆ. ಆವರ್ತನ, ಅಂದರೆ ವಿದ್ಯುತ್ತು ಸೆಕೆಂಡಿಗೆ ಮಿಡಿಯುವ ಲೆಕ್ಕ, 60 ಹರ್ಟ್ಸ್‌ನಿಂದ ಕೊಂಚ ಕೆಳಗಿಳಿದರೂ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಕಳಚಿಕೊಳ್ಳುತ್ತವೆ, ಮತ್ತೆ ಮೊದಲಿನಿಂದ. ಇಷ್ಟು ಕಷ್ಟಪಟ್ಟು ಕಟ್ಟಿದ ಜಾಲ 2018ರ ಏಪ್ರಿಲ್ 18ರಂದು ಮಣ್ಣು ಅಗೆಯುವ ಒಂದು ಯಂತ್ರ ತಂತಿಗೆ ತಗುಲಿದ್ದಕ್ಕೆ ಇಡೀ ದ್ವೀಪದಲ್ಲಿ ಮತ್ತೆ ಸತ್ತಿತು.

ಕರೆಂಟ್ ಇಲ್ಲದ ದೇಹ

ವಿದ್ಯುತ್ ಇಲ್ಲದಿದ್ದರೆ ನೀರಿಲ್ಲ, ಪಂಪು ಓಡದು. ಮೊಬೈಲ್ ಗೋಪುರಗಳಲ್ಲಿ ಶೇ. 95 ಸ್ತಬ್ಧ, ಹಾಗಾಗಿ ಆಂಬುಲೆನ್ಸ್ ಕರೆಯುವಂತಿಲ್ಲ. ಬಂದರಿನಲ್ಲಿ ಸಾವಿರಾರು ಕಂಟೇನರ್‌ಗಳು ಬಂದು ನಿಂತಿವೆ, ಚಾಲಕರಿಗೆ ಸುದ್ದಿ ಮುಟ್ಟಿಸಲು ಫೋನಿಲ್ಲ, ಲಾರಿಗೆ ಡೀಸೆಲ್ ಇಲ್ಲ, ರಸ್ತೆಯಿಲ್ಲ. ತಿನ್ನುವುದರಲ್ಲಿ ಸುಮಾರು ಶೇ. 85 ಹೊರಗಿನಿಂದ ತರಿಸಿಕೊಳ್ಳುವ ದ್ವೀಪ ಅದು. ಒಂದು ವರ್ಷದ ನಂತರ ಸೇಬಾ ಊರಿನ ವಿಮಾನ ಓಡುದಾರಿಯ ಮೇಲೆ ರಾಶಿ ರಾಶಿ ಕುಡಿಯುವ ನೀರಿನ ಬಾಟಲಿಗಳು ಹಂಚದೆ ಬಿಸಿಲಲ್ಲಿ ಬಿದ್ದಿದ್ದುದು ಬಯಲಾಯಿತು.

ಆಸ್ಪತ್ರೆಗಳಿಗೆ ಜನರೇಟರ್ ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ತುರ್ತು ಜನರೇಟರ್ ಎರಡು ಮೂರು ದಿನದ ಓಟಗಾರ, ತಿಂಗಳುಗಟ್ಟಲೆ ದುಡಿಯುವ ಎತ್ತಲ್ಲ. ಸಾಮಾನ್ಯವಾಗಿ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು, ಅಂದರೆ ಹಗಲಿರುಳು ಓಡಿಸಿದರೆ ಹತ್ತು ದಿನಕ್ಕೊಮ್ಮೆ. ಬದಲಿಸಲು ನಿಲ್ಲಿಸಬೇಕು, ನಿಲ್ಲಿಸಲು ಇನ್ನೊಂದು ಬೇಕು. ಟ್ಯಾಂಕಿನ ತಳದ ನೀರು, ಕೆಸರು ಸೇರಿದ ಡೀಸೆಲ್ ಶೋಧಕವನ್ನು ಕಟ್ಟಿಹಾಕುತ್ತದೆ. ಹೊರೆ ತೀರಾ ಕಡಿಮೆ ಇದ್ದರೂ ತೊಂದರೆಯೇ. ಡೀಸೆಲ್ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ.

ಮನೆಯಲ್ಲಿರುವ ರೋಗಿಯ ಲೆಕ್ಕ ನೋಡೋಣ. ಶ್ವಾಸಕೋಶದ ಕಾಯಿಲೆಯವರು ಬಳಸುವ ಆಮ್ಲಜನಕ ಯಂತ್ರಕ್ಕೆ ಸುಮಾರು 350 ವ್ಯಾಟ್, ಎಡೆಬಿಡದೆ. ಕರೆಂಟ್ ಹೋದರೆ ಸಿಲಿಂಡರ್. ಕೈಯಲ್ಲಿ ಎತ್ತಬಹುದಾದ ಸಿಲಿಂಡರಿನಲ್ಲಿ 680 ಲೀಟರಿನಷ್ಟು ಆಮ್ಲಜನಕ ಇರುತ್ತದೆ. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಐದು ಗಂಟೆ ನಲವತ್ತು ನಿಮಿಷ. ಅಂದರೆ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಲಿಂಡರ್, ಅದೂ ಸೇತುವೆ ಇಲ್ಲದ ಊರಿಗೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಹೊರಗಿಟ್ಟರೆ ಸುಮಾರು ನಾಲ್ಕು ವಾರ ನಡೆಯುತ್ತದೆ, ಕೋಣೆಯೇ 30 ಡಿಗ್ರಿ ದಾಟಿದರೆ ಆ ಭರವಸೆಯೂ ಇಲ್ಲ. ಡಯಾಲಿಸಿಸ್‌ಗೆ ಒಂದು ಸಲಕ್ಕೆ ಶುದ್ಧ ನೀರೇ 120 ಲೀಟರ್, ಅಷ್ಟು ಶುದ್ಧ ಮಾಡಲು ಅದಕ್ಕಿಂತ ಹೆಚ್ಚು ಸಾಮಾನ್ಯ ನೀರು, ವಾರಕ್ಕೆ ಮೂರು ಸಲ. ಪೂರ್ವದ ಚಿಕ್ಕ ದ್ವೀಪ ವಿಯೆಕೆಸ್‌ನಲ್ಲಿದ್ದ ಒಂದೇ ಆಸ್ಪತ್ರೆ ಹಾಳಾಯಿತು. ಅಲ್ಲಿನ ಮೂತ್ರಪಿಂಡ ರೋಗಿಗಳು ವಾರಕ್ಕೆ ಮೂರು ಬಾರಿ ಚಿಕ್ಕ ವಿಮಾನ ಹತ್ತಿ ದೊಡ್ಡ ದ್ವೀಪಕ್ಕೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕಾಯಿತು, ವರ್ಷಗಳ ಕಾಲ.

ಇಂಥ ರೋಗಿ ಅಕ್ಟೋಬರ್ ಕೊನೆಗೆ ತೀರಿಕೊಂಡರೆ ವೈದ್ಯರು ಮರಣಪತ್ರದಲ್ಲಿ ಏನು ಬರೆಯುತ್ತಾರೆ? ‘ಶ್ವಾಸಕೋಶದ ವೈಫಲ್ಯ’, ‘ನಂಜು’, ‘ಮಧುಮೇಹದ ತೊಡಕು’. ಸುಳ್ಳೇನಲ್ಲ. ಚಂಡಮಾರುತದ ಸಾವಿಗೆ ಅಂತರರಾಷ್ಟ್ರೀಯ ರೋಗಸೂಚಿಯಲ್ಲಿ ಎಕ್ಸ್37 ಎಂಬ ಸಂಕೇತವಿದೆ, ಆದರೆ ವೈದ್ಯರು ಚಂಡಮಾರುತ ಎಂಬ ಮಾತನ್ನು ಬರೆದರೆ ತಾನೇ ಆ ಸಂಕೇತ ಬೀಳುವುದು? ವಿಪತ್ತಿನ ಹೊತ್ತಿನಲ್ಲಿ ಮರಣಪತ್ರ ತುಂಬುವುದು ಹೇಗೆಂದು ವೈದ್ಯರಿಗೆ ತರಬೇತಿಯೇ ಸಿಕ್ಕಿರಲಿಲ್ಲ. 64 ಹುಟ್ಟಿದ್ದು ಹೀಗೆ.

2,975 ಹುಟ್ಟಿದ್ದು ಬೇರೆ ದಾರಿಯಿಂದ. ಒಂದೊಂದು ಮರಣಪತ್ರದ ಹಿಂದೆ ಹೋಗದೆ, ‘ಮರಿಯಾ ಬರದಿದ್ದರೆ ಈ ತಿಂಗಳುಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು’ ಎಂದು ಹಿಂದಿನ ವರ್ಷಗಳಿಂದ ಅಂದಾಜು ಮಾಡಿ, ನಿಜವಾಗಿ ಸತ್ತವರ ಸಂಖ್ಯೆಯಿಂದ ಅದನ್ನು ಕಳೆಯುವುದು. ಕೋವಿಡ್ ಕಾಲದಲ್ಲಿ ನೀವೂ ಕೇಳಿದ ಹೆಚ್ಚುವರಿ ಮರಣದ ಲೆಕ್ಕ ಇದೇ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನ ಆರು ತಿಂಗಳಿಗೆ ಇದನ್ನು ಮಾಡಿದರು. ಅದರಲ್ಲಿ ಒಂದು ಜಾಣ ತಿದ್ದುಪಡಿಯಿದೆ. ಆ ತಿಂಗಳುಗಳಲ್ಲಿ ಶೇ. 8ರಷ್ಟು ಜನ ದ್ವೀಪ ಬಿಟ್ಟು ಹೋಗಿದ್ದರು. ಜನ ಕಡಿಮೆಯಾದರೆ ಸಹಜ ಸಾವೂ ಕಡಿಮೆಯಾಗಬೇಕು. ಇದನ್ನು ಗಮನಿಸದಿದ್ದರೆ ಹೋದವರು ಸತ್ತವರನ್ನು ಮುಚ್ಚಿಬಿಡುತ್ತಾರೆ. ಅವರ ಉತ್ತರ 2,975. ಅಂದಾಜಿನ ವ್ಯಾಪ್ತಿ 2,658ರಿಂದ 3,290. ಹೆಚ್ಚು ಅಪಾಯಕ್ಕೆ ಸಿಕ್ಕವರು 65 ದಾಟಿದ ಗಂಡಸರು ಮತ್ತು ಬಡ ಊರುಗಳವರು.

ಅದಕ್ಕೆ ಮೂರು ತಿಂಗಳ ಮೊದಲು ಹಾರ್ವರ್ಡ್‌ನವರ ತಂಡ 3,299 ಮನೆಗಳನ್ನು ಸಮೀಕ್ಷೆ ಮಾಡಿ 4,645 ಎಂಬ ಅಂಕಿ ಕೊಟ್ಟಿತ್ತು. ಬೀದಿಗಳಲ್ಲಿ, ಗೋಡೆಗಳ ಮೇಲೆ ಬರೆದದ್ದು ಈ ಸಂಖ್ಯೆಯನ್ನೇ. ಆದರೆ ಅದರ ವ್ಯಾಪ್ತಿ 793ರಿಂದ 8,498. ಮಾದರಿ ಸಣ್ಣದಿದ್ದರೆ ಹೀಗಾಗುತ್ತದೆ. ಲೆಕ್ಕವಾಗಿ ನಾನು 2,975ನ್ನೇ ಹಿಡಿಯುತ್ತೇನೆ. ಹಾರ್ವರ್ಡ್ ಸಮೀಕ್ಷೆಯ ನಿಜವಾದ ಬೆಲೆ ಬೇರೆ ಕಡೆಯಿದೆ: ಆ ಸಾವುಗಳಲ್ಲಿ ಮೂರರಲ್ಲೊಂದಕ್ಕೆ ಮನೆಯವರು ಕೊಟ್ಟ ಕಾರಣ, ಚಿಕಿತ್ಸೆ ತಡವಾದದ್ದು ಅಥವಾ ನಿಂತುಹೋದದ್ದು. 2018ರ ಜೂನ್ ಮೊದಲ ದಿನಗಳಲ್ಲಿ ಜನ ಸಾನ್ ಹುವಾನ್‌ನ ಶಾಸನಸಭೆಯ ಮುಂದೆ ಸತ್ತವರ ಚಪ್ಪಲಿ, ಬೂಟುಗಳನ್ನು ತಂದು ಸಾಲಾಗಿ ಇಟ್ಟರು. ಸಾವಿರಾರು ಜೋಡಿ.

ಪ್ರಶ್ನೋತ್ತರದಿಂದ

ಆಮೇಲಾದರೂ ಜಾಲ ಸುಧಾರಿಸಿತೇ?

2022ರ ಸೆಪ್ಟೆಂಬರ್ 18ರಂದು ಫಿಯೋನಾ ಬಂತು. 1ನೇ ದರ್ಜೆ, ಮರಿಯಾದ ಮುಂದೆ ಕೂಸು. ಅದು ನೆಲ ಮುಟ್ಟುವ ಮೊದಲೇ ಇಡೀ ದ್ವೀಪ ಕತ್ತಲಾಯಿತು. 2024ರ ಡಿಸೆಂಬರ್ 31ರಂದು ಮತ್ತು 2025ರ ಏಪ್ರಿಲ್ 16ರಂದು ಯಾವ ಚಂಡಮಾರುತವೂ ಇಲ್ಲದೆ ಮತ್ತೆ ಕತ್ತಲು. ಹಣ ಮಂಜೂರಾಗಿದೆ, ಕೆಲಸ ನಿಧಾನ.

ನಮ್ಮ ಕರಾವಳಿಗೆ ಇಂಥದ್ದು ಬರಬಹುದೇ?

ಮರಿಯಾದಂಥದ್ದು ಕರ್ನಾಟಕದ ಕರಾವಳಿಗೆ ಬಡಿದ ದಾಖಲೆ ಇಲ್ಲ. 2021ರ ಮೇನಲ್ಲಿ ತೌಕ್ತೆ ದಡಕ್ಕೆ ಸಮಾನಾಂತರವಾಗಿ ಕಡಲಿನಲ್ಲೇ ಸಾಗಿಹೋಯಿತು, ಅಷ್ಟಕ್ಕೇ ಎಷ್ಟು ಕಡಲ್ಕೊರೆತ ಆಯಿತೆಂದು ನಿಮಗೆ ಗೊತ್ತು. ನಾನು ಹೆಚ್ಚು ಯೋಚಿಸುವುದು ಸಾವಿನ ಲೆಕ್ಕದ ಬಗ್ಗೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5 ಮಾತ್ರ. ಪೋರ್ಟೊ ರಿಕೊದಲ್ಲಿ ಮರಣಪತ್ರಗಳಾದರೂ ಇದ್ದವು, ಹಾಗಾಗಿ ತಪ್ಪನ್ನು ತಿದ್ದಲು ಸಾಧ್ಯವಾಯಿತು. ಡೋರಿಯನ್ ಬಡಿದ ಮೇಲೆ ಬಹಾಮಾಸ್‌ನ ಅಬಾಕೊದಲ್ಲಿ ಹೈಟಿಯಿಂದ ಬಂದು ಕಾಗದಪತ್ರವಿಲ್ಲದೆ ಗುಡಿಸಲುಗಳಲ್ಲಿದ್ದವರ ವಿಷಯದಲ್ಲಿ ಅದೂ ಆಗಲಿಲ್ಲ. ಅಲ್ಲಿ ಅಧಿಕೃತ ಸಾವು 74, ಪತ್ತೆಯಾಗದವರು ಇನ್ನೂರಕ್ಕೂ ಹೆಚ್ಚು. ನಮ್ಮ ಬಂದರುಗಳ ದೋಣಿಗಳಲ್ಲಿ ಬೇರೆ ರಾಜ್ಯಗಳಿಂದ ಬಂದು ದುಡಿಯುವವರ ಹೆಸರಿನ ಪಟ್ಟಿ ದಡದಲ್ಲಿ ಯಾರ ಬಳಿ ಇದೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಯಾರೂ ಸರಿಯಾಗಿ ಮಾಡಿದವರೇ ಇಲ್ಲವೇ?

ಇದ್ದಾರೆ. ಬೆಟ್ಟದ ನಡುವಿನ ಅಡ್ಹುಂತಾಸ್ ಎಂಬ ಊರಲ್ಲಿ ‘ಕಾಸಾ ಪುವೆಬ್ಲೊ’ ಎಂಬ ಸಂಸ್ಥೆಯಿದೆ. ಗಣಿಗಾರಿಕೆ ವಿರೋಧಿಸಿ ಹುಟ್ಟಿದ್ದು, 1999ರಿಂದ ಸೌರವಿದ್ಯುತ್ತಿನಲ್ಲಿ ನಡೆಯುತ್ತದೆ. ಮರಿಯಾ ನಂತರ ಆ ಊರಲ್ಲಿ ಬೆಳಕಿದ್ದದ್ದು ಅಲ್ಲಿ. ಉಸಿರಾಟದ ಯಂತ್ರ ಬೇಕಾದವರು ಅಲ್ಲಿಗೇ ಬಂದು ಯಂತ್ರ ಸಿಕ್ಕಿಸಿಕೊಂಡು ಕೂತರು. 14 ಸಾವಿರ ಸೌರದೀಪ ಹಂಚಿದರು. ಮನೆಯಲ್ಲೇ ಚಿಕಿತ್ಸೆ ಪಡೆಯುವವರಿಗೆ, ಚಿಕ್ಕ ಫ್ರಿಜ್ಜು ಬೇಕಾದವರಿಗೆ ಮೊದಲು ಫಲಕ ಹಾಕಿಸಿದರು. 2023ರಲ್ಲಿ ಊರಿನ ನಡುಚೌಕದ ಅಂಗಡಿಗಳನ್ನು ಸೇರಿಸಿ ಬ್ಯಾಟರಿ ಇರುವ ತಮ್ಮದೇ ಪುಟ್ಟ ಜಾಲ ಶುರು ಮಾಡಿದರು. ಅದರಲ್ಲಿ ಔಷಧದಂಗಡಿ ಇದೆ, ಬೇಕರಿ ಇದೆ. ಔಷಧದಂಗಡಿ ಯಾಕೆ ಅಂದರೆ, ಇನ್ಸುಲಿನ್ ಇರುವುದು ಅಲ್ಲಿಯ ಫ್ರಿಜ್ಜಿನಲ್ಲಿ.